ಹಳೆಯ ಸರಕು ವಾಹನದ ಖರೀದಿ: ಮುಂಗಡ ಕೊಡುವ ಮುನ್ನ ನೋಡಬೇಕಾದ ದಾಖಲೆ ಮತ್ತು ಲೆಕ್ಕ

ಅರಸೀಕೆರೆಯ ಕೃಷಿ ಉತ್ಪನ್ನ ಮಾರುಕಟ್ಟೆಗೆ ಕೊಬ್ಬರಿ ಸಾಗಿಸುವ ವರ್ತಕನಿಗೂ, ಬೇಲೂರಿನ ಕಾಫಿ ವ್ಯಾಪಾರಿಗೂ, ಹಳೇಬೀಡಿನ ದಿನಸಿ ಸಗಟು ಅಂಗಡಿಯವನಿಗೂ ಇಂದು ಸ್ವಂತದ್ದೊಂದು ಸಣ್ಣ ಸರಕು ವಾಹನ ಅನಿವಾರ್ಯವಾಗಿದೆ. ಪ್ರತಿ ಸಾಗಣೆಗೂ ಬಾಡಿಗೆ ಗಾಡಿಗಾಗಿ ಕಾಯುವ ವರ್ತಕ ಅನೇಕ ವೇಳೆ ದರವಿರುವ ದಿನ ಮಾಲು ಮುಟ್ಟಿಸಲಾರದೆ ನಷ್ಟಕ್ಕೊಳಗಾಗುತ್ತಾನೆ. ಹೊಸ ವಾಹನದ ಬೆಲೆ ಎಟುಕದೆ ಹೋದಾಗ ಸಹಜವಾಗಿಯೇ ಆತನ ದೃಷ್ಟಿ ಹಳೆಯ ವಾಹನದ ಕಡೆಗೆ ಹೊರಳುತ್ತದೆ.

ಹಳೆಯ ವಾಹನವನ್ನು ಕೊಳ್ಳುವುದು ತಪ್ಪಲ್ಲ. ಸರಿಯಾಗಿ ಪರೀಕ್ಷಿಸಿ ಕೊಂಡರೆ ಸಣ್ಣ ಬಂಡವಾಳದ ಉದ್ಯಮಕ್ಕೆ ಅದು ಉತ್ತಮ ಆಸ್ತಿಯೇ ಸರಿ. ಆದರೆ ಕೊಬ್ಬರಿಯ ಒಂದು ಚೀಲವನ್ನು ಕೊಳ್ಳುವಾಗ ಗಿಟುಕನ್ನು ಅಲುಗಿಸಿ, ಒಡೆದು, ಮೂಸಿ ನೋಡುವ ವರ್ತಕನೇ ನಾಲ್ಕು ಲಕ್ಷ ರೂಪಾಯಿಯ ವಾಹನವನ್ನು ಹೊಸ ಬಣ್ಣ ನೋಡಿ, ಪರಿಚಯದವರ ಮಾತು ಕೇಳಿ ಕೊಂಡುಬಿಡುವುದುಂಟು. ಹೀಗೆ ಕೊಂಡವನಿಗೆ ಎದುರಾಗುವ ನಷ್ಟ ಕೇವಲ ದುರಸ್ತಿಯ ಖರ್ಚಲ್ಲ. ಹಿಂದಿನ ಮಾಲೀಕನ ಸಾಲಕ್ಕಾಗಿ ವಾಹನವೇ ಕೈತಪ್ಪಬಹುದು. ವಿಮೆಯಿಲ್ಲದ ದಿನ ಅಪಘಾತವಾದರೆ ಪರಿಹಾರದ ಹೊರೆ ಅಂಗಡಿಯ ಬಂಡವಾಳವನ್ನೇ ಕರಗಿಸಬಹುದು. ಆದುದರಿಂದ ಖರೀದಿಗೆ ಮುನ್ನ ನಾಲ್ಕು ಬಗೆಯ ಪರೀಕ್ಷೆ ನಡೆಯಬೇಕು. ಅವು ದಾಖಲೆ, ವಾಹನದ ಸ್ಥಿತಿ, ಬೆಲೆಯ ಲೆಕ್ಕ ಹಾಗೂ ತೆರಿಗೆ. ಈ ಕ್ರಮದಲ್ಲಿಯೇ ನಡೆಯುವುದು ಲೇಸು. ಏಕೆಂದರೆ ದಾಖಲೆ ಸರಿಯಿಲ್ಲದ ವಾಹನದ ಎಂಜಿನ್ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ.

1. ದಾಖಲೆಗಳ ಪರೀಕ್ಷೆ

ಮೊದಲು ನೋಡಬೇಕಾದುದು ನೋಂದಣಿ ಪ್ರಮಾಣಪತ್ರ, ಅಂದರೆ ಆರ್.ಸಿ. ಅದರಲ್ಲಿರುವ ಹೆಸರಿನವನೇ ಮಾರಾಟಗಾರನೇ ಎಂಬುದು ಮೊದಲ ಪ್ರಶ್ನೆ. ಆರ್.ಸಿ. ಒಬ್ಬರ ಹೆಸರಿನಲ್ಲಿದ್ದು ಮಾರುವವರು ಬೇರೊಬ್ಬರಾಗಿದ್ದರೆ, ಮಧ್ಯದಲ್ಲಿ ವಾಹನ ಕೈ ಬದಲಿಸಿದೆ, ಆದರೆ ಹೆಸರು ಬದಲಾಗಿಲ್ಲ ಎಂದೇ ಸಾಮಾನ್ಯವಾಗಿ ಅರ್ಥ. ಸಹಿ ಮಾಡಿದ ಖಾಲಿ ನಮೂನೆಗಳನ್ನು ತೋರಿಸಿ "ಯಾವಾಗ ಬೇಕಾದರೂ ವರ್ಗ ಮಾಡಿಸಿಕೊಳ್ಳಿ" ಎಂಬ ಭರವಸೆಯನ್ನು ನಂಬಬಾರದು.

ಮಾಲೀಕ ಪಾಲುದಾರಿಕೆ ಸಂಸ್ಥೆಯಾಗಿದ್ದರೆ ಸಹಿ ಮಾಡುವ ಪಾಲುದಾರನಿಗೆ ಇತರರ ಒಪ್ಪಿಗೆ ಪತ್ರವಿರಬೇಕು. ಕಂಪನಿಯಾಗಿದ್ದರೆ ನಿರ್ದೇಶಕ ಮಂಡಳಿಯ ನಿರ್ಣಯದ ಪ್ರತಿ ಬೇಕು. ಮಾಲೀಕ ತೀರಿಕೊಂಡಿದ್ದರೆ ವಾಹನ ಮೊದಲು ವಾರಸುದಾರನ ಹೆಸರಿಗೆ ನಮೂನೆ 31ರ ಮೂಲಕ ವರ್ಗವಾಗಿ, ಅನಂತರವೇ ಮಾರಾಟವಾಗಬೇಕು. ತಂದೆಯ ಹೆಸರಿನ ಗಾಡಿಯನ್ನು ಒಬ್ಬ ಮಗ ಮಾರಿ, ಇನ್ನೊಬ್ಬ ಮಗ ತಕರಾರು ಎತ್ತಿದರೆ ಕೊಂಡವನು ನಡುವೆ ಸಿಕ್ಕಿಕೊಳ್ಳುತ್ತಾನೆ.

ಎರಡನೆಯದು ಸಾಲದ ನಮೂದು. ಬ್ಯಾಂಕು ಅಥವಾ ಹಣಕಾಸು ಸಂಸ್ಥೆಯ ಸಾಲದಿಂದ ಕೊಂಡ ವಾಹನದ ಆರ್.ಸಿ.ಯಲ್ಲಿ ಅಡಮಾನದ ನಮೂದಿರುತ್ತದೆ. ಸಾಲ ತೀರಿದ ಮಾತ್ರಕ್ಕೆ ಈ ನಮೂದು ತಾನಾಗಿ ಅಳಿಯುವುದಿಲ್ಲ. ಸಾಲ ಕೊಟ್ಟ ಸಂಸ್ಥೆಯ ನಿರಾಕ್ಷೇಪಣಾ ಪತ್ರ ಹಾಗೂ ನಮೂನೆ 35ನ್ನು ಸಲ್ಲಿಸಿ ಅದನ್ನು ತೆಗೆಸಬೇಕು. ಮಾರಾಟಗಾರ ಸಾಲ ತೀರಿದ ರಸೀದಿಯನ್ನಷ್ಟೇ ತೋರಿಸಿದರೆ ಸಾಲದು. ಸಾಲ ಇನ್ನೂ ಬಾಕಿಯಿದ್ದರೆ, ಬಾಕಿ ಮೊತ್ತದ ಲಿಖಿತ ವಿವರವನ್ನು ಸಾಲದಾತ ಸಂಸ್ಥೆಯಿಂದಲೇ ಪಡೆದು, ಆ ಮೊತ್ತವನ್ನು ನೇರವಾಗಿ ಅದರ ಸಾಲದ ಖಾತೆಗೇ ಜಮಾ ಮಾಡಿ, ಉಳಿದುದನ್ನು ಮಾತ್ರ ಮಾರಾಟಗಾರನಿಗೆ ಕೊಡುವುದು ಸುರಕ್ಷಿತ ಮಾರ್ಗ.

ಕೇಂದ್ರ ಸಾರಿಗೆ ಸಚಿವಾಲಯದ ಪರಿವಾಹನ್ ಜಾಲತಾಣದಲ್ಲಿ ನೋಂದಣಿ ಸಂಖ್ಯೆಯನ್ನು ಕೊಟ್ಟು ನೋಡಿದರೆ ನೋಂದಣಿಯ ಸ್ಥಿತಿ, ಅರ್ಹತಾ ಪತ್ರದ ಅವಧಿ, ವಿಮೆಯ ಅವಧಿ, ಅಡಮಾನದ ನಮೂದು ಮತ್ತು ಪಾವತಿಯಾಗದ ಇ-ಚಲನ್‌ಗಳ ವಿವರ ದೊರೆಯುತ್ತದೆ. ಕಾಗದದಲ್ಲಿ ಕಂಡ ವಿವರ ಜಾಲತಾಣದಲ್ಲಿ ಕಾಣದಿದ್ದರೆ ಕಾರಣ ತಿಳಿಯುವವರೆಗೆ ವ್ಯವಹಾರ ನಿಲ್ಲಿಸಬೇಕು. ಈ ಪರಿಶೀಲನೆಯನ್ನು ಮೊದಲ ಭೇಟಿಯ ದಿನ ಒಮ್ಮೆ, ಹಣ ಕೊಡುವ ದಿನ ಮತ್ತೊಮ್ಮೆ ಮಾಡತಕ್ಕದ್ದು. ಮಧ್ಯಂತರದಲ್ಲಿ ಅದೇ ವಾಹನದ ಮೇಲೆ ಹೊಸ ಸಾಲ ಎತ್ತುವ ಸಾಧ್ಯತೆ ಇದ್ದೇ ಇದೆ. ಕಳವಾದ ವಾಹನವೇ ಎಂದು ನೋಡಲು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವಾಹನ್ ಸಮನ್ವಯ ಸೇವೆಯಿದೆ.

ಮೂರನೆಯದು ಅರ್ಹತಾ ಪ್ರಮಾಣಪತ್ರ, ರೂಢಿಯ ಮಾತಿನಲ್ಲಿ ಎಫ್.ಸಿ. ಸರಕು ವಾಹನಕ್ಕೆ ಎಂಟು ವರ್ಷ ತುಂಬುವವರೆಗೆ ಇದು ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿ ವರ್ಷವೂ ನವೀಕರಣವಾಗಬೇಕು. ವಾಹನದ ವಯಸ್ಸು ಏರಿದಂತೆ ಶುಲ್ಕವೂ ಏರುತ್ತದೆ. ಏಳೂವರೆ ವರ್ಷದ ವಾಹನವನ್ನು ಕೊಳ್ಳುವವನು ವಾರ್ಷಿಕ ಎಫ್.ಸಿ.ಯ ಖರ್ಚು ಮತ್ತು ಅದಕ್ಕಾಗಿ ಗಾಡಿ ನಿಲ್ಲುವ ದಿನಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಟ್ಟು ತೂಕ 3,000 ಕಿಲೋಗ್ರಾಂ ಮೀರದ ಸರಕು ವಾಹನಕ್ಕೆ 1988ರ ಮೋಟಾರು ವಾಹನ ಕಾಯಿದೆಯ 66ನೆಯ ಕಲಮಿನ ಪ್ರಕಾರ ಪರವಾನಗಿ ಬೇಕಿಲ್ಲ. ಅದಕ್ಕಿಂತ ಹೆಚ್ಚಿನ ತೂಕದ್ದಾದರೆ ಪರವಾನಗಿಯ ಅವಧಿಯನ್ನೂ ನೋಡಬೇಕು. ಇಲ್ಲಿ ಹೇಳಿರುವುದು ಖಾಲಿ ಗಾಡಿಯ ತೂಕವಲ್ಲ, ಸರಕು ಸೇರಿದ ಒಟ್ಟು ನೋಂದಾಯಿತ ತೂಕ.

ಹೊರರಾಜ್ಯದ ನೋಂದಣಿಯ ವಾಹನ ಅಗ್ಗವಾಗಿ ಕಾಣುವುದು ಸಹಜ. ಆದರೆ ಅಲ್ಲಿನ ನೋಂದಣಿ ಪ್ರಾಧಿಕಾರದಿಂದ ನಮೂನೆ 28ರ ನಿರಾಕ್ಷೇಪಣಾ ಪತ್ರ ತರಿಸಿ, ಕರ್ನಾಟಕದ ತೆರಿಗೆ ಕಟ್ಟಿ, ಇಲ್ಲಿನ ಸಂಖ್ಯೆ ಪಡೆಯುವ ವೇಳೆಗೆ ಆ ಅಗ್ಗ ಉಳಿದಿರುವುದೇ ಎಂದು ಮೊದಲೇ ಲೆಕ್ಕ ಹಾಕಬೇಕು. ಹಾಸನದ ಕೆಎ 13, ಸಕಲೇಶಪುರದ ಕೆಎ 46, ತಿಪಟೂರಿನ ಕೆಎ 44, ಚಿಕ್ಕಮಗಳೂರಿನ ಕೆಎ 18 ಮುಂತಾದ ನೆರೆಯ ನೋಂದಣಿಯ ವಾಹನವಾದರೆ ಹಿಂದಿನ ಮಾಲೀಕನನ್ನು, ಅದನ್ನು ದುರಸ್ತಿ ಮಾಡಿದ ಗ್ಯಾರೇಜನ್ನು ನೇರವಾಗಿ ವಿಚಾರಿಸುವ ಅನುಕೂಲವೂ ಉಂಟು.

2. ಹೆಸರು ವರ್ಗಾವಣೆ ಮತ್ತು ವಿಮೆ: ಅಸಲಿ ಅಪಾಯ ಇಲ್ಲಿದೆ

ಮೋಟಾರು ವಾಹನ ಕಾಯಿದೆಯ 50ನೆಯ ಕಲಮಿನ ಪ್ರಕಾರ, ಅದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ವರ್ಗಾವಣೆಯನ್ನು ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ಇದಕ್ಕೆ ನಮೂನೆ 29 ಮತ್ತು ನಮೂನೆ 30 ಬಳಕೆಯಲ್ಲಿವೆ. ಇದನ್ನು ಕೇವಲ ಕಚೇರಿಯ ವಿಧಿಯೆಂದು ಭಾವಿಸಿ ತಿಂಗಳುಗಟ್ಟಲೆ ಮುಂದೂಡುವವರು ಬಹಳ.

ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2018ರ ಫೆಬ್ರವರಿಯಲ್ಲಿ ಕೊಟ್ಟ ತೀರ್ಪನ್ನು ಪ್ರತಿಯೊಬ್ಬ ವರ್ತಕನೂ ತಿಳಿದಿರಬೇಕು. ಅಲ್ಲಿ ವಾಹನವೊಂದು ಒಬ್ಬರಿಂದ ಒಬ್ಬರಿಗೆ ಅನೇಕ ಕೈ ಬದಲಿಸಿತ್ತು, ಆದರೆ ನೋಂದಣಿ ಮಾತ್ರ ಮೊದಲ ಮಾಲೀಕನ ಹೆಸರಿನಲ್ಲಿಯೇ ಉಳಿದಿತ್ತು. ಅಪಘಾತದ ದಿನ ಯಾರ ಹೆಸರು ನೋಂದಣಿಯಲ್ಲಿದೆಯೋ ಅವನೇ ಕಾಯಿದೆಯ ದೃಷ್ಟಿಯಲ್ಲಿ ಮಾಲೀಕ, ಪರಿಹಾರದ ಹೊಣೆಯೂ ಅವನದೇ ಎಂದು ನ್ಯಾಯಾಲಯ ಹೇಳಿತು. ಗಾಯಗೊಂಡವರು ಅಥವಾ ಮೃತರ ಕುಟುಂಬದವರು ಮಾರಾಟಗಳ ಸರಪಳಿಯನ್ನು ಹುಡುಕಿಕೊಂಡು ಅಲೆಯುವಂತಾಗಬಾರದು ಎಂಬುದು ಅದರ ಆಶಯ.

ಈ ತೀರ್ಪಿನ ಪಾಠ ಮಾರುವವನಿಗೆ ಮೊದಲು ಅನ್ವಯಿಸುತ್ತದೆ. ಹಳೆಯ ಗಾಡಿಯನ್ನು ಕೊಟ್ಟು, ಹಣ ಪಡೆದು, ನಮೂನೆಗಳಿಗೆ ಸಹಿ ಮಾಡಿ ಮರೆತುಬಿಟ್ಟ ವರ್ತಕನಿಗೆ ಎರಡು ವರ್ಷದ ನಂತರ ಪರಿಹಾರ ನ್ಯಾಯಮಂಡಳಿಯಿಂದ ನೋಟೀಸು ಬರಬಹುದು. ಕೊಂಡವನಿಗೂ ಪಾಠವಿದೆ. ಹೆಸರು ವರ್ಗವಾಗುವವರೆಗೆ ಅವನು ಹಣ ಕೊಟ್ಟಿದ್ದರೂ ದಾಖಲೆಯಲ್ಲಿ ಮಾಲೀಕನಲ್ಲ. ವಿಮಾ ಹಕ್ಕು, ಸಾಲ, ಮರುಮಾರಾಟ ಯಾವುದೂ ಅವನಿಗೆ ಸುಲಭವಾಗಿ ದಕ್ಕದು.

ವಿಮೆಯ ವಿಷಯದಲ್ಲಿ ಇನ್ನೊಂದು ತಪ್ಪು ತಿಳಿವಳಿಕೆ ಬಲವಾಗಿ ಬೇರೂರಿದೆ. ಗಾಡಿಯೊಂದಿಗೆ ವಿಮೆಯೂ ಬರುತ್ತದೆ ಎಂಬ ಮಾತು ಅರ್ಧ ಸತ್ಯ ಮಾತ್ರ. 157ನೆಯ ಕಲಮಿನ ಪ್ರಕಾರ ವಾಹನ ವರ್ಗವಾದಾಗ ವಿಮಾ ಪಾಲಿಸಿಯೂ ಕೊಂಡವನಿಗೆ ವರ್ಗವಾಯಿತೆಂದೇ ಭಾವಿಸಲಾಗುತ್ತದೆ. ಆದರೆ ಇದು ಮೂರನೆಯ ವ್ಯಕ್ತಿಗೆ ಆಗುವ ಹಾನಿಗೆ ಸೀಮಿತವೆಂದು ಸರ್ವೋಚ್ಚ ನ್ಯಾಯಾಲಯ ಕಂಪ್ಲೀಟ್ ಇನ್ಸುಲೇಷನ್ಸ್ ಪ್ರಕರಣದಲ್ಲಿ 1995ರಷ್ಟು ಹಿಂದೆಯೇ ಸ್ಪಷ್ಟಪಡಿಸಿದೆ. ಕೊಂಡವನ ಸ್ವಂತ ವಾಹನಕ್ಕಾದ ಹಾನಿಯನ್ನು ವಿಮಾ ಕಂಪನಿ ತುಂಬಿಕೊಡಬೇಕಾದರೆ ಪಾಲಿಸಿ ಅವನ ಹೆಸರಿಗೆ ಬಂದಿರಲೇಬೇಕು. ಇದಕ್ಕಾಗಿ 14 ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ಕೊಡಬೇಕು. ಹಿಂದಿನ ಮಾಲೀಕ ಗಳಿಸಿದ ಕ್ಲೇಮುರಹಿತ ರಿಯಾಯಿತಿ ಅವನೊಂದಿಗೇ ಹೋಗುತ್ತದೆ. ಆ ವ್ಯತ್ಯಾಸದ ಹಣವನ್ನು ಕೊಂಡವನು ಕಟ್ಟಬೇಕು.

ವಿಮೆಗೆ ಸಂಬಂಧಿಸಿದ ಮತ್ತೊಂದು ಅಂಶ ಚಾಲಕನ ಲೈಸೆನ್ಸ್. ಲಘು ವಾಹನದ ಲೈಸೆನ್ಸ್ ಇರುವ ಚಾಲಕ ಒಟ್ಟು ತೂಕ 7,500 ಕಿಲೋಗ್ರಾಂ ಮೀರದ ಸರಕು ವಾಹನವನ್ನು ಪ್ರತ್ಯೇಕ ನಮೂದಿಲ್ಲದೆ ಓಡಿಸಬಹುದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ 2024ರ ನವೆಂಬರ್ 6ರಂದು ತೀರ್ಪು ನೀಡಿತು. ಇದರಿಂದ ಸಣ್ಣ ವರ್ತಕರ ಒಂದು ದೊಡ್ಡ ಆತಂಕ ನಿವಾರಣೆಯಾಗಿದೆ. ಆದರೂ ಚಾಲಕನ ಲೈಸೆನ್ಸಿನ ಅವಧಿಯನ್ನು ನೋಡಿಕೊಳ್ಳುವುದು ಮಾಲೀಕನ ಕರ್ತವ್ಯವಾಗಿಯೇ ಉಳಿದಿದೆ.

3. ವಾಹನದ ಸ್ಥಿತಿಯ ಪರೀಕ್ಷೆ

ದಾಖಲೆಗಳು ಸರಿಯಿದ್ದ ಮೇಲೆ ನಂಬಿಕೆಯ ಮೆಕ್ಯಾನಿಕ್‌ನೊಬ್ಬನೊಂದಿಗೆ ವಾಹನವನ್ನು ಹಗಲಿನಲ್ಲಿ, ಮಳೆಯಿಲ್ಲದ ವೇಳೆ ನೋಡಬೇಕು. ಮಾರಾಟಗಾರನ ಪರಿಚಯದ ಮೆಕ್ಯಾನಿಕ್ ಬೇಡ. ಮೆಕ್ಯಾನಿಕ್‌ಗೆ ಕೊಡುವ ಕೂಲಿ ಈ ವ್ಯವಹಾರದಲ್ಲಿ ಅತ್ಯಂತ ಫಲ ಕೊಡುವ ಖರ್ಚು.

ವಾಹನ ಯಾವ ಕೆಲಸ ಮಾಡಿ ಬಂದಿದೆ ಎಂಬುದು ಅದರ ವಯಸ್ಸಿಗಿಂತ ಮುಖ್ಯ. ಮಂಗಳೂರಿನಿಂದ ಚಾರ್ಮಾಡಿ ಘಟ್ಟ ಹತ್ತಿ, ಮೂಡಿಗೆರೆ, ಬೇಲೂರು, ಹಳೇಬೀಡು, ಜಾವಗಲ್, ಬಾಣಾವರದ ಮೂಲಕ ಅರಸೀಕೆರೆಗೆ ಬಂದು ತುಮಕೂರಿನ ಕಡೆ ಸಾಗುವ ರಾಷ್ಟ್ರೀಯ ಹೆದ್ದಾರಿ 73ರಲ್ಲಿ ಎಲ್ಲ ಬಗೆಯ ಗಾಡಿಗಳೂ ಓಡುತ್ತವೆ. ಕರಾವಳಿಯಿಂದ ಮೀನು ಸಾಗಿಸಿದ ಗಾಡಿಯ ತಳದಲ್ಲಿ ಉಪ್ಪುನೀರು ಇಳಿದು ಚಾಸಿಗೆ ತುಕ್ಕು ಹಿಡಿದಿರುತ್ತದೆ. ಮೇಲೆ ಹೊಸ ಬಣ್ಣ ಬಳಿದಿದ್ದರೂ ಒಳಗಿನಿಂದ ಲೋಹ ಸವೆದಿರುತ್ತದೆ. ತೋಟದೊಳಗಿನ ಏರು ದಾರಿಯಲ್ಲಿ ದುಡಿದ ಗಾಡಿ ಓಡಿದ ಕಿಲೋಮೀಟರು ಕಡಿಮೆಯಿದ್ದರೂ ಕ್ಲಚ್ಚು, ಬ್ರೇಕು ಸವೆದಿರುತ್ತವೆ. ಬಯಲುಸೀಮೆಯ ಸಮತಟ್ಟು ರಸ್ತೆಯಲ್ಲಿ ಅಂಗಡಿ ಸಾಮಾನು ಸಾಗಿಸಿದ ಗಾಡಿ ಹೆಚ್ಚು ಓಡಿದ್ದರೂ ಗಟ್ಟಿಯಾಗಿರಬಹುದು. ಆದುದರಿಂದ "ಎಷ್ಟು ಓಡಿದೆ" ಎಂದು ಕೇಳುವುದಕ್ಕೆ ಮೊದಲು "ಏನು ಹೊತ್ತಿದೆ, ಎಲ್ಲಿ ಓಡಿದೆ" ಎಂದು ಕೇಳತಕ್ಕದ್ದು.

ನೋಡಬೇಕಾದ ಮುಖ್ಯ ಅಂಶಗಳು ಈ ಕೆಳಗಿನಂತಿವೆ:

(ಅ) ಚಾಸಿ: ಚಾಸಿಯ ಮೇಲೆ ಕೆತ್ತಿರುವ ಸಂಖ್ಯೆಯನ್ನೂ ಎಂಜಿನ್ ಸಂಖ್ಯೆಯನ್ನೂ ಆರ್.ಸಿ.ಯೊಂದಿಗೆ ಅಕ್ಷರಶಃ ಹೋಲಿಸಬೇಕು. ಉಜ್ಜಿದ ಅಥವಾ ಮತ್ತೆ ಕೆತ್ತಿದ ಗುರುತಿದ್ದರೆ ಅಲ್ಲಿಗೇ ಬಿಡಬೇಕು. ಸ್ಪ್ರಿಂಗ್ ಪಟ್ಟಿಗಳು ಚಾಸಿಗೆ ಸೇರುವ ಜಾಗದಲ್ಲಿ ಬಿರುಕು, ಹೊಸ ವೆಲ್ಡಿಂಗ್ ಇದೆಯೇ ನೋಡಬೇಕು. ವಾಹನದ ಉಳಿದೆಲ್ಲ ಭಾಗವನ್ನೂ ಬದಲಿಸಬಹುದು. ಚಾಸಿ ಕೆಟ್ಟರೆ ಗಾಡಿಯೇ ಕೆಟ್ಟಂತೆ.

(ಆ) ಸ್ಪ್ರಿಂಗ್ ಪಟ್ಟಿಗಳು: ಕಂಪನಿ ಕೊಟ್ಟುದಕ್ಕಿಂತ ಹೆಚ್ಚಿನ ಪಟ್ಟಿ ಸೇರಿಸಿದ್ದರೆ ಆ ಗಾಡಿ ಮಿತಿಮೀರಿ ಭಾರ ಹೊತ್ತಿದೆ ಎಂದು ತಿಳಿಯಬೇಕು. ಸೇರಿಸಿದ ಪಟ್ಟಿಯನ್ನು ಮಾರಾಟಗಾರ ಗುಣವೆಂದು ಹೇಳುವುದುಂಟು. ಅದು ಗುಣವಲ್ಲ, ಸಾಕ್ಷಿ.

(ಇ) ಎಂಜಿನ್: ರಾತ್ರಿಯಿಡೀ ನಿಂತು ತಣ್ಣಗಿರುವ ಎಂಜಿನನ್ನು ಎದುರಿಗೇ ಚಾಲೂ ಮಾಡಿಸಬೇಕು. ಮೊದಲೇ ಬಿಸಿ ಮಾಡಿಟ್ಟಿದ್ದರೆ ಮತ್ತೊಂದು ಬೆಳಿಗ್ಗೆ ಹೋಗಬೇಕು. ನೀಲಿ ಹೊಗೆ ಎಣ್ಣೆ ಉರಿಯುತ್ತಿರುವುದನ್ನು, ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ರೇಡಿಯೇಟರ್ ನೀರು ಒಳಸೇರುತ್ತಿರುವುದನ್ನು, ದಟ್ಟ ಕಪ್ಪು ಹೊಗೆ ಇಂಧನ ಪೂರ್ಣ ಉರಿಯದಿರುವುದನ್ನು ಸೂಚಿಸುತ್ತವೆ. ಓಡುತ್ತಿರುವ ಎಂಜಿನ್ನಿನ ಎಣ್ಣೆ ಮುಚ್ಚಳ ತೆಗೆದಾಗ ಹೊಗೆ ರಭಸದಿಂದ ಹೊರಬಂದರೆ ಒಳಗಿನ ಸವೆತ ಹೆಚ್ಚಿದೆ.

(ಈ) ಕ್ಲಚ್ಚು, ಬ್ರೇಕು, ಸ್ಟಿಯರಿಂಗ್: ಖಾಲಿ ಗಾಡಿಯಲ್ಲಿ ಊರೊಳಗೆ ಒಂದು ಸುತ್ತು ಸಾಲದು. ಸಾಧ್ಯವಾದರೆ ನೋಂದಾಯಿತ ಮಿತಿಯೊಳಗಿನ ಭಾರ ಹೇರಿ, ಏರಿರುವ ರಸ್ತೆಯಲ್ಲಿ ಓಡಿಸಿ ನೋಡಬೇಕು. ಎಂಜಿನ್ ವೇಗ ಏರಿದರೂ ಗಾಡಿ ಏರದಿದ್ದರೆ ಕ್ಲಚ್ಚು ಮುಗಿದಿದೆ.

(ಉ) ಟೈರು: ಟೈರಿನ ಬದಿಯಲ್ಲಿ ತಯಾರಾದ ವಾರ ಮತ್ತು ವರ್ಷವನ್ನು ನಾಲ್ಕು ಅಂಕಿಗಳಲ್ಲಿ ಅಚ್ಚು ಹಾಕಿರುತ್ತಾರೆ. 2319 ಎಂದಿದ್ದರೆ 2019ರ 23ನೆಯ ವಾರ. ಒಂದೇ ಬದಿ ಸವೆದಿದ್ದರೆ ಆಕ್ಸಲ್ ಅಥವಾ ಚಾಸಿ ಓರೆಯಾಗಿರುವ ಶಂಕೆಯಿದೆ.

(ಊ) ಮೀಟರು: ಕಡಿಮೆ ಓಡಿದೆಯೆಂದು ಮೀಟರು ಹೇಳಿ, ಕ್ಲಚ್ ಪೆಡಲಿನ ರಬ್ಬರು, ಚಾಲಕನ ಆಸನ, ಸ್ಟಿಯರಿಂಗ್ ಚಕ್ರ ನುಣ್ಣಗೆ ಸವೆದಿದ್ದರೆ ಮೀಟರನ್ನು ನಂಬಬಾರದು. ಸರ್ವಿಸ್ ದಾಖಲೆಯನ್ನು ಕೇಳಬೇಕು.

(ಋ) ಹೊಗೆ ಮಾನದಂಡ: 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್-6 ವಾಹನಗಳು ಮಾತ್ರ ಹೊಸದಾಗಿ ಮಾರಾಟವಾಗುತ್ತಿವೆ. ಬಿಎಸ್-6 ಡೀಸೆಲ್ ಗಾಡಿಯಲ್ಲಿ ಹೊಗೆ ಶುದ್ಧೀಕರಣದ ಸಾಧನ ದುಬಾರಿಯಾದುದು. ಅದನ್ನು ಕಿತ್ತುಹಾಕಿದ ಅಥವಾ ಎಚ್ಚರಿಕೆ ದೀಪ ಉರಿಯುವ ಗಾಡಿಯನ್ನು ಕೊಂಡರೆ ಮುಂದಿನ ಎಫ್.ಸಿ. ವೇಳೆ ತೊಡಕಾಗುತ್ತದೆ. ಬಿಎಸ್-4 ಗಾಡಿಯ ದುರಸ್ತಿ ಸರಳ, ಆದರೆ ಅದರ ವಯಸ್ಸು ಹೆಚ್ಚು. ಮರುಮಾರಾಟದ ಬೆಲೆಯೂ ಬೇಗ ಇಳಿಯುತ್ತದೆ.

4. ಬೆಲೆಯ ಲೆಕ್ಕ

ಹಳೆಯ ವಾಹನದ ಬೆಲೆಯನ್ನು ಹೊಸ ವಾಹನದ ಬೆಲೆಯೊಂದಿಗೆ ನೇರವಾಗಿ ಹೋಲಿಸುವುದು ಲೆಕ್ಕಶಾಸ್ತ್ರದ ದೃಷ್ಟಿಯಿಂದ ತಪ್ಪು. ಹೋಲಿಸಬೇಕಾದುದು ವರ್ಷಕ್ಕೆ ತಗಲುವ ಒಟ್ಟು ಹೊರೆಯನ್ನು. ಅದರಲ್ಲಿಯೂ 2025ರ ಸೆಪ್ಟೆಂಬರ್ 22ರಿಂದ ಹೊಸ ಸರಕು ವಾಹನದ ಜಿಎಸ್‌ಟಿ ದರ ಶೇಕಡ 28ರಿಂದ 18ಕ್ಕೆ ಇಳಿದಿದೆ. ಹೊಸದರ ಬೆಲೆ ಇಳಿದ ಮೇಲೂ ಹಳೆಯದಕ್ಕೆ ಹಿಂದಿನ ಬೆಲೆಯನ್ನೇ ಹೇಳುವ ಮಾರಾಟಗಾರನಿಗೆ ಇದನ್ನು ನೆನಪಿಸುವ ಹಕ್ಕು ಕೊಳ್ಳುವವನಿಗಿದೆ.

ಲೆಕ್ಕದ ಕ್ರಮ ತಿಳಿಯಲು ಒಂದು ಕಲ್ಪಿತ ಉದಾಹರಣೆಯನ್ನು ನೋಡಬಹುದು. ಅರಸೀಕೆರೆಯ ವರ್ತಕನೊಬ್ಬ ಐದು ವರ್ಷ ಹಳೆಯ ವಾಹನವನ್ನು ನೋಡಿದ್ದಾನೆ. ಕೇಳಿರುವ ಬೆಲೆ ರೂ. 3,80,000. ಅದೇ ಬಗೆಯ ಹೊಸ ವಾಹನ ರಸ್ತೆಗಿಳಿಯುವಾಗ ರೂ. 7,00,000 ಆಗುತ್ತದೆಂದು ಭಾವಿಸೋಣ. ಎರಡನ್ನೂ ನಾಲ್ಕು ವರ್ಷ ಬಳಸಿ ಮಾರುವ ಯೋಚನೆ.

ಹಳೆಯ ವಾಹನಕ್ಕೆ ತಕ್ಷಣ ಮಾಡಬೇಕಾದ ಖರ್ಚು:
ನಾಲ್ಕು ಟೈರು: ರೂ. 24,000
ಬ್ಯಾಟರಿ: ರೂ. 6,000
ಕ್ಲಚ್ಚು: ರೂ. 14,000
ಹಿಂಬದಿ ತೊಟ್ಟಿಯ ತಳದ ತಗಡು: ರೂ. 10,000
ವರ್ಗಾವಣೆ, ಎಫ್.ಸಿ.: ರೂ. 8,000
ಒಟ್ಟು: ರೂ. 62,000

ಆದುದರಿಂದ ವಾಹನದ ನಿಜವಾದ ವೆಚ್ಚ ರೂ. 4,42,000. ನಾಲ್ಕು ವರ್ಷದ ನಂತರ ಅದು ರೂ. 1,80,000ಕ್ಕೆ, ಹೊಸದು ರೂ. 3,60,000ಕ್ಕೆ ಮಾರಾಟವಾಗುತ್ತದೆಂದು ಇಟ್ಟುಕೊಂಡರೆ, ವಾರ್ಷಿಕ ಹೊರೆ ಹೀಗಾಗುತ್ತದೆ:

ಬೆಲೆ ಇಳಿಕೆ: ಹಳೆಯದು ರೂ. 65,500, ಹೊಸದು ರೂ. 85,000
ಸರಾಸರಿ ಬಂಡವಾಳದ ಮೇಲೆ ಬಡ್ಡಿ (ಹಳೆಯದಕ್ಕೆ ಶೇ. 14, ಹೊಸದಕ್ಕೆ ಶೇ. 10): ಹಳೆಯದು ರೂ. 43,540, ಹೊಸದು ರೂ. 53,000
ದುರಸ್ತಿ: ಹಳೆಯದು ರೂ. 50,000; ಹೊಸದು ರೂ. 20,000
ಗಾಡಿ ನಿಂತ ದಿನಗಳ ಹೊರೆ (ದಿನಕ್ಕೆ ರೂ. 2,000ದಂತೆ 12 ದಿನ ಮತ್ತು 4 ದಿನ): ಹಳೆಯದು ರೂ. 24,000, ಹೊಸದು ರೂ. 8,000
ವಿಮೆ: ಹಳೆಯದು ರೂ. 22,000, ಹೊಸದು ರೂ. 36,000
ಒಟ್ಟು: ಹಳೆಯದು ರೂ. 2,05,040, ಹೊಸದು ರೂ. 2,02,000

ಅರ್ಧ ಬೆಲೆಗೆ ದೊರೆತಂತೆ ಕಂಡ ವಾಹನ ವರ್ಷದ ಲೆಕ್ಕದಲ್ಲಿ ಹೊಸದಕ್ಕಿಂತ ತುಸು ದುಬಾರಿಯೇ ಆಯಿತು. ಹಾಗೆಂದು ಹಳೆಯದನ್ನು ಕೊಳ್ಳಲೇಬಾರದೆಂದಲ್ಲ. ಇದೇ ಲೆಕ್ಕದಲ್ಲಿ ಬೆಲೆಯನ್ನು ರೂ. 3,20,000ಕ್ಕೆ ಇಳಿಸಿದರೆ ವಾರ್ಷಿಕ ಹೊರೆ ರೂ. 1,85,840 ಆಗಿ, ಹೊಸದಕ್ಕಿಂತ ರೂ. 16,160 ಉಳಿಯುತ್ತದೆ. ಅಂದರೆ ಈ ಲೆಕ್ಕವೇ ವರ್ತಕನಿಗೆ ಚೌಕಾಸಿಯ ಮೇಲ್ಮಿತಿಯನ್ನು ತೋರಿಸುತ್ತದೆ. ಆ ಮಿತಿಯನ್ನು ಮನೆಯಲ್ಲಿಯೇ ಬರೆದಿಟ್ಟುಕೊಂಡು ಹೋಗಬೇಕು. ಗಾಡಿಯ ಮುಂದೆ ನಿಂತಾಗ ಲೆಕ್ಕ ಮರೆತುಹೋಗುತ್ತದೆ.

ಬಳಕೆಯ ಪ್ರಮಾಣವೂ ತೀರ್ಮಾನವನ್ನು ಬದಲಿಸುತ್ತದೆ. ಮೇಲಿನ ಲೆಕ್ಕ ದಿನವೂ ಓಡುವ ಗಾಡಿಯದು. ವಾರಕ್ಕೆ ಎರಡು ದಿನ ಮಾತ್ರ ಸಾಗಣೆಯಿರುವ ಸಣ್ಣ ತಯಾರಕನಿಗೆ ಹಳೆಯ ಗಾಡಿಯ ದುರಸ್ತಿ ರೂ. 20,000, ನಿಂತ ದಿನಗಳ ಹೊರೆ ರೂ. 8,000 ಎಂದಿಟ್ಟುಕೊಂಡರೆ, ರೂ. 3,80,000ದ ಬೆಲೆಯಲ್ಲಿಯೂ ಒಟ್ಟು ರೂ. 1,59,040 ಮಾತ್ರ. ಹೊಸದರ ದುರಸ್ತಿಯನ್ನು ರೂ. 10,000ಕ್ಕೂ, ನಿಂತ ದಿನಗಳ ಹೊರೆಯನ್ನು ರೂ. 4,000ಕ್ಕೂ ಇಳಿಸಿದರೂ ಬೆಲೆ ಇಳಿಕೆ, ಬಡ್ಡಿ, ವಿಮೆ ಹಾಗೆಯೇ ಉಳಿದು ಒಟ್ಟು ರೂ. 1,88,000 ಆಗುತ್ತದೆ. ದಿನವೂ ದುಡಿಯುವ ಗಾಡಿ ಹೊಸದಿರಲಿ, ಆಗೊಮ್ಮೆ ಈಗೊಮ್ಮೆ ದುಡಿಯುವುದು ಹಳೆಯದಿರಲಿ ಎಂಬ ಅನುಭವಿಗಳ ಮಾತಿಗೆ ಲೆಕ್ಕದ ಆಧಾರವಿದೆ.

5. ತೆರಿಗೆಯ ಅಂಶಗಳು

ಜಿಎಸ್‌ಟಿ: ಮಾರಾಟಗಾರ ನೋಂದಣಿಯಿಲ್ಲದ ವ್ಯಕ್ತಿಯಾಗಿದ್ದರೆ ಜಿಎಸ್‌ಟಿ ಇಲ್ಲ. ಹಳೆಯ ವಾಹನಗಳ ನೋಂದಾಯಿತ ವ್ಯಾಪಾರಿಯಾಗಿದ್ದರೆ, ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ಅಂತರದ ಮೇಲೆ ಮಾತ್ರ ತೆರಿಗೆ. 2025ರ ಜನವರಿ 16ರಿಂದ ಈ ದರ ಎಲ್ಲ ಹಳೆಯ ವಾಹನಗಳಿಗೂ ಶೇ. 18. ರೂ. 3,00,000ಕ್ಕೆ ಕೊಂಡು ರೂ. 3,50,000ಕ್ಕೆ ಮಾರಿದರೆ ಅಂತರ ರೂ. 50,000, ತೆರಿಗೆ ರೂ. 9,000. ಇಡೀ ಬೆಲೆಯ ಮೇಲೆ ಶೇ. 18 ಕೇಳಿದರೆ ಕಾರಣ ಕೇಳಬೇಕು.

ಸ್ವಂತ ಉದ್ಯಮದಲ್ಲಿ ಬಳಸಿದ ವಾಹನವನ್ನು ನೋಂದಾಯಿತ ವರ್ತಕ ಮಾರಿದರೆ, ಸವಕಳಿ ಕಳೆದ ಪುಸ್ತಕ ಬೆಲೆಗೂ ಮಾರಾಟ ಬೆಲೆಗೂ ಇರುವ ಅಂತರದ ಮೇಲೆ ತೆರಿಗೆ. ಪುಸ್ತಕ ಬೆಲೆಯೇ ಹೆಚ್ಚಿದ್ದರೆ ತೆರಿಗೆಯಿಲ್ಲ. ಆದರೆ ಕೊಂಡಾಗ ಹೂಡುವಳಿ ತೆರಿಗೆ ಜಮೆ ಪಡೆದಿದ್ದರೆ ಈ ಅನುಕೂಲ ಇಲ್ಲ. ಆಗ ಮಾರಾಟ ಬೆಲೆಯ ಮೇಲಿನ ತೆರಿಗೆ ಅಥವಾ ಪ್ರತಿ ತ್ರೈಮಾಸಿಕಕ್ಕೆ ಶೇ. 5ರಂತೆ ಕಳೆದು ಉಳಿದ ಜಮೆ, ಇವೆರಡರಲ್ಲಿ ಹೆಚ್ಚಿನದನ್ನು ಕಟ್ಟಬೇಕು. ಸರಕು ಸಾಗಣೆ ವಾಹನಕ್ಕೆ ಜಮೆ ದೊರೆಯುವುದರಿಂದ ಅನೇಕರು ಅದನ್ನು ಪಡೆದಿರುತ್ತಾರೆ, ಮಾರುವಾಗ ಮರೆತಿರುತ್ತಾರೆ.

ಕೊಂಡವನಿಗೆ ಈ ತೆರಿಗೆಯ ಜಮೆ ದೊರೆಯಬೇಕಾದರೆ ಸರಿಯಾದ ತೆರಿಗೆ ಬಿಲ್ಲಿರಬೇಕು, ಅವನ ಮಾಲೂ ತೆರಿಗೆಗೆ ಒಳಪಟ್ಟಿರಬೇಕು. ತೆಂಗಿನಕಾಯಿಗೆ ಜಿಎಸ್‌ಟಿ ವಿನಾಯಿತಿಯಿದೆ, ಕೊಬ್ಬರಿಗೆ ಶೇ. 5 ತೆರಿಗೆಯಿದೆ. ಕಾಯಿಯನ್ನು ಮಾತ್ರ ಮಾರುವವನಿಗೆ ವಾಹನದ ಜಮೆ ಇಲ್ಲ. ಎರಡನ್ನೂ ಮಾರುವವನಿಗೆ ಪ್ರಮಾಣಾನುಸಾರ ಮಾತ್ರ. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೂ ಜಮೆ ಇಲ್ಲ.

ಆದಾಯ ತೆರಿಗೆ: ಸ್ವಂತ ವ್ಯಾಪಾರಕ್ಕೆ ಬಳಸುವ ವಾಹನಕ್ಕೆ ಸವಕಳಿ ಶೇ. 15; ಬಾಡಿಗೆಗೆ ಓಡಿಸುವ ಉದ್ಯಮದ ಲಾರಿಗಳಿಗೆ ಶೇ. 30. ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಮೊದಲ ವರ್ಷ ಅರ್ಧ ಮಾತ್ರ. ಬಳಕೆಗೆ ಇಳಿಸುವ ಮುನ್ನ ಮಾಡಿದ ಅಗತ್ಯ ದುರಸ್ತಿಯೂ ವಾಹನದ ವೆಚ್ಚಕ್ಕೇ ಸೇರುತ್ತದೆ. ಮೇಲಿನ ಉದಾಹರಣೆಯ ರೂ. 4,42,000ಕ್ಕೆ ಪೂರ್ಣ ಸವಕಳಿ ರೂ. 66,300, ಅರ್ಧವಾದರೆ ರೂ. 33,150.

ನಗದು ಪಾವತಿಯ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಒಬ್ಬ ವ್ಯಕ್ತಿಗೆ ಒಂದೇ ದಿನ ರೂ. 10,000 ಮೀರಿ ನಗದಾಗಿ ಕೊಟ್ಟ ಮೊತ್ತ ಆಸ್ತಿಯ ವೆಚ್ಚಕ್ಕೆ ಸೇರುವುದಿಲ್ಲ; ಅದಕ್ಕೆ ಸವಕಳಿ ಎಂದೆಂದಿಗೂ ಇಲ್ಲ. ಒಂದು ವ್ಯವಹಾರದಲ್ಲಿ ರೂ. 2 ಲಕ್ಷ ಅಥವಾ ಹೆಚ್ಚು ನಗದು ಪಡೆದ ಮಾರಾಟಗಾರನಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಬಿಲ್ಲಿನಲ್ಲಿ ಕಡಿಮೆ ತೋರಿಸಿ ಉಳಿದುದನ್ನು ನಗದಾಗಿ ಕೊಡುವ ರೂಢಿ ಕೊಂಡವನಿಗೇ ಹಾನಿ. ವ್ಯವಹಾರ ಮುರಿದುಬಿದ್ದರೆ ಆ ಹಣಕ್ಕೆ ಸಾಕ್ಷಿಯೂ ಇರುವುದಿಲ್ಲ.

6. ಕೊನೆಯ ದಿನದ ಕ್ರಮ

ಮುಂಗಡವನ್ನು ಅಲ್ಪವಾಗಿಟ್ಟು, ಬ್ಯಾಂಕಿನ ಮೂಲಕವೇ ಕೊಡಬೇಕು. ಒಪ್ಪಂದ ಪತ್ರದಲ್ಲಿ ನೋಂದಣಿ, ಚಾಸಿ ಹಾಗೂ ಎಂಜಿನ್ ಸಂಖ್ಯೆಗಳು, ಬೆಲೆ, ಪಾವತಿಯ ವಿವರ, ಅಂದಿನವರೆಗಿನ ದಂಡ ಮತ್ತು ತೆರಿಗೆಯ ಬಾಕಿ ಮಾರಾಟಗಾರನದೆಂಬ ಷರತ್ತು ಇರಬೇಕು. ವಾಹನ ಕೈಸೇರಿದ ದಿನಾಂಕದ ಜೊತೆ ವೇಳೆಯನ್ನೂ ಬರೆದು ಇಬ್ಬರೂ ಸಹಿ ಹಾಕಬೇಕು; ಅದೇ ಸಂಜೆ ಅಪಘಾತವಾದರೆ ಈ ಒಂದು ಸಾಲು ಬಹಳ ಬೆಲೆಬಾಳುತ್ತದೆ. ವಿಮೆ ಚಾಲ್ತಿಯಲ್ಲಿಲ್ಲದ ವಾಹನವನ್ನು ಊರಿಗೆ ಓಡಿಸಿಕೊಂಡು ಬರಲೂ ಬಾರದು. ಬೆಲೆಯ ಒಂದು ಭಾಗವನ್ನು ಹೆಸರು ವರ್ಗವಾದ ಮೇಲೆ ಕೊಡುವಂತೆ ಒಪ್ಪಿಸಿಕೊಂಡರೆ ಮಾರಾಟಗಾರನೂ ಕಚೇರಿಯ ಕೆಲಸಕ್ಕೆ ಆಸಕ್ತಿ ತೋರಿಸುತ್ತಾನೆ.

ವ್ಯಾಪಾರಿಯ ಮೂಲಕ ಕೊಳ್ಳುವವರು ಆತನಿಗೆ ನೋಂದಣಿ ಪ್ರಾಧಿಕಾರದ ಅಧಿಕಾರ ಪತ್ರವಿದೆಯೇ ಎಂದು ಕೇಳಬೇಕು. ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿ 2023ರ ಏಪ್ರಿಲ್ 1ರಿಂದ ಜಾರಿಗೆ ತಂದ ನಿಯಮಗಳ ಪ್ರಕಾರ, ಅಧಿಕೃತ ವ್ಯಾಪಾರಿಗೆ ವಾಹನ ಒಪ್ಪಿಸಿದ ವಿವರವನ್ನು ಪ್ರಾಧಿಕಾರಕ್ಕೆ ತಿಳಿಸಿದ ಮೇಲೆ ಆ ವ್ಯಾಪಾರಿಯೇ ಮಾಲೀಕನೆಂದು ಪರಿಗಣಿತನಾಗುತ್ತಾನೆ. ತಮ್ಮ ಹಳೆಯ ಗಾಡಿಯನ್ನು ಮಾರುವ ವರ್ತಕರಿಗೂ ಇದು ರಕ್ಷಣೆ.

ಒಟ್ಟಿನಲ್ಲಿ ಹೇಳುವುದಾದರೆ, ಮೇಲಿನ ಎಲ್ಲ ಪರಿಶೀಲನೆಗೆ ಬೇಕಾಗುವುದು ಎರಡು ಮೂರು ದಿನ, ಮೆಕ್ಯಾನಿಕ್‌ನ ಕೂಲಿ ಮತ್ತು ಒಂದು ಹಾಳೆಯ ಲೆಕ್ಕ. "ಇಂದೇ ಕೊಡದಿದ್ದರೆ ನಾಳೆ ಬೇರೆಯವರು ಒಯ್ಯುತ್ತಾರೆ" ಎಂಬ ಮಾತಿಗೆ ಮಣಿದು ಈ ಎರಡು ಮೂರು ದಿನಗಳನ್ನು ಉಳಿಸಿದವರು ಅನಂತರ ಕಚೇರಿ, ಗ್ಯಾರೇಜು, ನ್ಯಾಯಾಲಯಗಳಲ್ಲಿ ವರ್ಷಗಳನ್ನೇ ಕಳೆಯಬೇಕಾದೀತು. ಒಂದು ಗಾಡಿ ಕೈತಪ್ಪಿದರೆ ಇನ್ನೊಂದು ಸಿಗುತ್ತದೆ. ಹೊಣೆಗಾರಿಕೆಯಲ್ಲಿ ಸಿಲುಕಿದ ಬಂಡವಾಳ ಅಷ್ಟು ಸುಲಭವಾಗಿ ಮರಳದು.